ಹಳೇ ಕಾರ್ಬುರೇಟರ್ ಗಾಡಿಯ ಐಡ್ಲಿಂಗ್ ಸೆಟ್ ಮಾಡುವುದು ಹೇಗೆ: ಬೆಂಗಳೂರಿನ ಗಾಳಿಗೆ, ಈಗಿನ ಪೆಟ್ರೋಲಿಗೆ

ಸಿಗ್ನಲ್‌ನಲ್ಲಿ ಪದ್ಮಿನಿ ಕಾರು ಆಫ್ ಆಗುತ್ತದೆ ಅಂದರೆ ಸಾಕು, ಯಾರೋ ಒಬ್ಬರು ಬಾನೆಟ್ ಎತ್ತಿ ಸ್ಪೀಡ್ ಸ್ಕ್ರೂ ಅರ್ಧ ಸುತ್ತು ಒಳಗೆ ತಿರುಗಿಸಿಬಿಡುತ್ತಾರೆ. ಎಂಜಿನ್ ಆಫ್ ಆಗುವುದು ನಿಲ್ಲುತ್ತದೆ ನಿಜ. ಆದರೆ ಅದು 1,200 ಆರ್‌ಪಿಎಂನಲ್ಲಿ ಗುಂಯ್‌ಗುಡುತ್ತಾ ನಿಲ್ಲುತ್ತದೆ, ಫಸ್ಟ್ ಗೇರ್ ಕರ್ರೆನ್ನುತ್ತದೆ, ಕೀ ತೆಗೆದ ಮೇಲೂ ಎಂಜಿನ್ ನಾಲ್ಕೈದು ಸಲ ಗಡಗಡಿಸಿ ಆಮೇಲೆ ಸಾಯುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಹಳೇ ಎಂಜಿನ್ನಿನ ಐಡ್ಲಿಂಗ್, ಅಂದರೆ ಆಕ್ಸಿಲರೇಟರ್ ಒತ್ತದೆ ನಿಂತಲ್ಲೇ ಓಡುವುದು, ಕೆಡುವುದು ಬಹಳ ಮಟ್ಟಿಗೆ ಪಾಯಿಂಟ್ (ಡಿಸ್ಟ್ರಿಬ್ಯೂಟರ್ ಒಳಗೆ ತೆರೆದು ಮುಚ್ಚಿ ಕಿಡಿ ಹುಟ್ಟಿಸುವ ಸಂಪರ್ಕ), ಟೈಮಿಂಗ್ (ಕಿಡಿ ಬೀಳುವ ಹೊತ್ತು), ಟಾಪೆಟ್ (ವಾಲ್ವ್ ತೆರೆಯುವ ಭಾಗದಲ್ಲಿ ಬಿಡುವ ಸಂದು) ಇಲ್ಲವೇ ಎಲ್ಲೋ ಒಂದು ಕಡೆ ಎಳೆಯುತ್ತಿರುವ ಕಳ್ಳ ಗಾಳಿಯಿಂದ. ಅವೆಲ್ಲ ಸರಿಯಾದ ಮೇಲೆ ಕೊನೆಯಲ್ಲಿ ಮುಟ್ಟಬೇಕಾದದ್ದು ಗಾಳಿಗೆ ಪೆಟ್ರೋಲ್ ಬೆರೆಸಿ ಕೊಡುವ ಕಾರ್ಬುರೇಟರ್‌ನ ಸ್ಕ್ರೂ.

ಇಲ್ಲಿ ಮುಖ್ಯವಾಗಿ ಹೇಳುವುದು ಸೊಲೆಕ್ಸ್ ಕಾರ್ಬುರೇಟರ್ ಇರುವ ಫಿಯಟ್ 1100, ಪ್ರೀಮಿಯರ್ ಪದ್ಮಿನಿಯಂಥ ನಾಲ್ಕು ಸಿಲಿಂಡರ್ ಗಾಡಿಗಳ ಬಗ್ಗೆ. ಎಸ್‌ಯು ಎಂಬ ಇನ್ನೊಂದು ಬಗೆಯ ಕಾರ್ಬುರೇಟರ್‌ನ ಲೆಕ್ಕ ಬೇರೆ, ಬುಲೆಟ್ ಮತ್ತು ಜಾವಾದ್ದು ಇನ್ನೂ ಬೇರೆ. ಅವು ಕೊನೆಯಲ್ಲಿವೆ.

ಎರಡು ಸ್ಕ್ರೂ, ಎರಡು ಕೆಲಸ

ಸೊಲೆಕ್ಸ್‌ನಲ್ಲಿ ಆಕ್ಸಿಲರೇಟರ್ ಲಿವರ್‌ಗೆ ಒತ್ತಿಕೊಂಡಿರುವುದು ಸ್ಪೀಡ್ ಸ್ಕ್ರೂ. ಅದು ಥ್ರಾಟಲ್ ಬಟರ್‌ಫ್ಲೈಯನ್ನು ಕೂದಲೆಳೆಯಷ್ಟು ತೆರೆದಿಡುತ್ತದೆ, ಅಷ್ಟೇ. ಕೆಳಗೆ ಬುಡದ ಹತ್ತಿರ ಸ್ಪ್ರಿಂಗ್ ಸಮೇತ ಇರುವ ಇನ್ನೊಂದು ಸ್ಕ್ರೂ ಮಿಕ್ಸ್ಚರ್‌ದು, ಅಂದರೆ ಗಾಳಿ-ಪೆಟ್ರೋಲ್ ಮಿಶ್ರಣದ್ದು. ಅದರ ತುದಿ ಸೂಜಿಯಂತೆ ಚೂಪಾಗಿರುತ್ತದೆ. ಐಡ್ಲಿಂಗ್ ವೇಳೆ ಬಟರ್‌ಫ್ಲೈ ಬಹುತೇಕ ಮುಚ್ಚಿರುವುದರಿಂದ ಮೇನ್ ಜೆಟ್‌ನಿಂದ (ಜೆಟ್ ಅಂದರೆ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಬಿಡಿಭಾಗ) ಪೆಟ್ರೋಲ್ ಬರುವುದಿಲ್ಲ. ಐಡ್ಲ್ ಜೆಟ್ ದಾಟಿ ಗಾಳಿ ಬೆರೆತ ಪೆಟ್ರೋಲ್ ಈ ಸೂಜಿಯ ಪಕ್ಕದ ತೂತಿನಿಂದ, ಬಟರ್‌ಫ್ಲೈಗಿಂತ ಕೆಳಗೆ, ಎಂಜಿನ್ ಎಳೆದಷ್ಟು ಹೋಗುತ್ತದೆ.

ಬಟರ್‌ಫ್ಲೈನ ಅಂಚಿಗೆ ಸರಿಯಾಗಿ ಇನ್ನೊಂದೆರಡು ಸಣ್ಣ ತೂತುಗಳಿವೆ. ಆಕ್ಸಿಲರೇಟರ್ ಸ್ವಲ್ಪ ಒತ್ತಿದಾಗ ಮೇನ್ ಜೆಟ್ ಕೆಲಸ ಶುರು ಮಾಡುವ ತನಕ ಪೆಟ್ರೋಲ್ ಕೊಡುವುದು ಅವುಗಳ ಕೆಲಸ. ಸ್ಪೀಡ್ ಸ್ಕ್ರೂ ಅತಿಯಾಗಿ ಒಳಗೆ ಹೋದರೆ ಬಟರ್‌ಫ್ಲೈ ಆ ತೂತುಗಳನ್ನು ದಾಟಿ ತೆರೆದುಕೊಂಡು ನಿಲ್ಲುತ್ತದೆ. ಆಗ ಪೆಟ್ರೋಲ್ ಅಲ್ಲಿಂದಲೇ ಬರತೊಡಗುತ್ತದೆ, ಮಿಕ್ಸ್ಚರ್ ಸ್ಕ್ರೂ ಎತ್ತ ತಿರುಗಿಸಿದರೂ ಎಂಜಿನ್ ಕ್ಯಾರೇ ಅನ್ನುವುದಿಲ್ಲ. ಇದೊಂದು ಗೊತ್ತಿದ್ದರೆ ಅರ್ಧ ರೋಗ ಪತ್ತೆಯಾದಂತೆ. ಗಡಗಡಿಸುವುದಕ್ಕೂ ಇದೇ ಕಾರಣ: ಅಗಲವಾಗಿ ತೆರೆದ ಬಟರ್‌ಫ್ಲೈ ಇಗ್ನಿಷನ್ ಆಫ್ ಆದ ಮೇಲೂ ಮಿಕ್ಸ್ಚರ್ ಒಳಗೆ ಬಿಡುತ್ತಿರುತ್ತದೆ, ಕಾದ ಇಂಗಾಲದ ಪದರ ಅದನ್ನು ಹೊತ್ತಿಸುತ್ತದೆ.

ಸ್ಕ್ರೂ ಮುಟ್ಟುವ ಮೊದಲು

ಟಾಪೆಟ್‌ನಿಂದ ಶುರು ಮಾಡಿ. ಟಪಟಪ ಸದ್ದು ಮಾಡುವ ಟಾಪೆಟ್‌ಗಿಂತ ಸದ್ದೇ ಮಾಡದ ಟೈಟ್ ಟಾಪೆಟ್ ಹೆಚ್ಚು ಅಪಾಯ. ವಾಲ್ವ್ ಪೂರ್ತಿ ಮುಚ್ಚದೆ ಕಂಪ್ರೆಷನ್ ಸೋರುತ್ತದೆ, ಐಡ್ಲಿಂಗ್ ನಡುಗುತ್ತದೆ, ವಾಲ್ವ್ ಸುಡುತ್ತದೆ. ಅಳತೆ ಗಾಡಿಯ ಪುಸ್ತಕದಲ್ಲಿ ಇರುವಷ್ಟೇ ಇಡಿ. 1489 ಸಿಸಿಯ ಬಿಎಂಸಿ ಎಂಜಿನ್ ಇರುವ ಹಳೇ ಅಂಬಾಸಿಡರ್‌ಗಾದರೆ 0.015 ಇಂಚು, ಅಂದರೆ 0.38 ಮಿ.ಮೀ.

ನಂತರ ಪಾಯಿಂಟ್. ಲೂಕಾಸ್ ಡಿಸ್ಟ್ರಿಬ್ಯೂಟರ್‌ಗೆ 0.35ರಿಂದ 0.40 ಮಿ.ಮೀ. ಗ್ಯಾಪ್. ಬೇರೆ ಕಂಪನಿಯದಾದರೆ ಪುಸ್ತಕ ನೋಡಿ. ಪಾಯಿಂಟ್‌ನ ಫೈಬರ್ ಹಿಮ್ಮಡಿ ಸವೆಯುತ್ತಾ ಹೋದಂತೆ ಗ್ಯಾಪ್ ಕುಗ್ಗುತ್ತದೆ, ಕಿಡಿ ತಡವಾಗುತ್ತದೆ, ಐಡ್ಲಿಂಗ್ ದಿನೇ ದಿನೇ ಇಳಿಯುತ್ತದೆ. ‘ಹೋದ ತಿಂಗಳು ಚೆನ್ನಾಗಿತ್ತು, ಯಾರೂ ಏನೂ ಮುಟ್ಟಿಲ್ಲ’ ಅನ್ನುವ ದೂರಿನ ಹಿಂದೆ ಹೆಚ್ಚಾಗಿ ಇರುವುದು ಇದೇ. ಹಿಮ್ಮಡಿ ತಾಗುವ ಕ್ಯಾಮ್‌ಗೆ ಅಕ್ಕಿಕಾಳಿನಷ್ಟು ಗ್ರೀಸ್ ಸಾಕು, ಜಾಸ್ತಿಯಾದರೆ ಅದು ಹಾರಿ ಪಾಯಿಂಟ್‌ಗೇ ಮೆತ್ತಿಕೊಳ್ಳುತ್ತದೆ. ಗ್ಯಾಪ್ ಬದಲಾದರೆ ಟೈಮಿಂಗ್ ಕೂಡ ಬದಲಾಗುತ್ತದೆ. ಹಾಗಾಗಿ ಗ್ಯಾಪ್ ಮೊದಲು, ಟೈಮಿಂಗ್ ಆಮೇಲೆ. ಪ್ಲಗ್ ಗ್ಯಾಪ್ 0.6 ಮಿ.ಮೀ. ಆಸುಪಾಸಿನಲ್ಲಿರಲಿ.

ಇನ್ನು ಕಳ್ಳ ಗಾಳಿ. ಸಮಯ ಕೊಟ್ಟು ಹುಡುಕಬೇಕಾದದ್ದು ಇದನ್ನೇ. ಎಂಜಿನ್ ಓಡುತ್ತಿರುವಾಗ ಸೋಪಿನ ನೀರನ್ನು ಸಣ್ಣ ಸ್ಪ್ರೇ ಬಾಟಲಿಯಲ್ಲಿ ತುಂಬಿ ಕಾರ್ಬುರೇಟರ್ ಬುಡದ ಪ್ಯಾಕಿಂಗ್, ಇನ್‌ಲೆಟ್ ಮ್ಯಾನಿಫೋಲ್ಡ್ ಹೆಡ್‌ಗೆ ಸೇರುವ ಜಾಗ, ವ್ಯಾಕ್ಯೂಮ್ ಪೈಪಿನ ಎರಡೂ ತುದಿ, ಥ್ರಾಟಲ್ ಶಾಫ್ಟ್‌ನ ಎರಡೂ ಬದಿಗೆ ಒಂದೊಂದಾಗಿ ಹನಿಸಿ. ಎಲ್ಲಿ ಎಂಜಿನ್ ಸದ್ದು ಬದಲಾಗುತ್ತದೋ ಅಥವಾ ನೀರು ಸುರ್ರೆಂದು ಒಳಗೆ ಎಳೆದುಕೊಳ್ಳುತ್ತದೋ ಅಲ್ಲಿ ಸೋರಿಕೆ ಇದೆ. ಡಿಸ್ಟ್ರಿಬ್ಯೂಟರ್ ಮೇಲೆ ನೀರು ಬೀಳಿಸಬೇಡಿ. ಕಾರ್ಬುರೇಟರ್ ಕ್ಲೀನರ್ ಸ್ಪ್ರೇ ಮಾಡಿ ಹುಡುಕುವವರೂ ಇದ್ದಾರೆ. ಬೇಗ ಗೊತ್ತಾಗುತ್ತದೆ, ಆದರೆ ಬಿಸಿ ಎಕ್ಸಾಸ್ಟ್ ಪಕ್ಕದಲ್ಲೇ ಇರುವ ಈ ಎಂಜಿನ್‌ಗಳಲ್ಲಿ ಬೆಂಕಿಯ ಜೊತೆ ಆಟ ಅದು.

ಬುಡದ ನಟ್ ಸಿಕ್ಕಾಪಟ್ಟೆ ಬಿಗಿದು ಬಿಗಿದು ಸೊಲೆಕ್ಸ್‌ನ ಕಿವಿಗಳು (ನಟ್ ಕೂರುವ ಅಂಚುಗಳು) ಬಾಗಿರುತ್ತವೆ. ಕಾರ್ಬುರೇಟರ್ ಬಿಚ್ಚಿ ಬುಡಕ್ಕೆ ಉಕ್ಕಿನ ಸ್ಕೇಲ್ ಇಟ್ಟು ಬೆಳಕಿಗೆ ಹಿಡಿದರೆ ನಡುವೆ ಸಂದು ಕಾಣುತ್ತದೆ. ಇನ್ನೊಂದು ಪ್ಯಾಕಿಂಗ್ ತುರುಕಿದರೆ ಹೋಗುವ ರೋಗವಲ್ಲ ಇದು. ಗಾಜಿನ ಮೇಲೆ ಎಮೆರಿ ಪೇಪರ್ ಅಂಟಿಸಿ ಎಂಟರ ಆಕಾರದಲ್ಲಿ ತಿಕ್ಕಿ ಸಮ ಮಾಡಬೇಕು. ಥ್ರಾಟಲ್ ಶಾಫ್ಟ್ ಬೆರಳಲ್ಲಿ ಹಿಡಿದು ಅಲ್ಲಾಡಿಸಿದಾಗ ಆಡಿದರೆ ಲೇತ್‌ನಲ್ಲಿ ಹಿತ್ತಾಳೆ ಬುಷ್ ಹಾಕಿಸಿ. ಆಡುವ ಶಾಫ್ಟ್ ಇಟ್ಟುಕೊಂಡು ಐಡ್ಲಿಂಗ್ ಸೆಟ್ ಮಾಡುವುದು ವ್ಯರ್ಥ. ಬಟರ್‌ಫ್ಲೈ ಪ್ರತಿ ಸಲ ಬೇರೆ ಜಾಗದಲ್ಲಿ ಮುಚ್ಚುತ್ತದೆ, ಒಂದು ಸಿಗ್ನಲ್‌ನಲ್ಲಿ 700, ಮುಂದಿನದರಲ್ಲಿ 1,000.

ಜೆ.ಸಿ. ರಸ್ತೆಯಲ್ಲಿ ರಿಪೇರಿ ಕಿಟ್ ಕೇಳಲು ಹೋಗುವಾಗ ಕಾರ್ಬುರೇಟರ್ ಮೇಲಿನ ಅಚ್ಚಿನ ನಂಬರಿನ ಫೋಟೊ ಜೊತೆಗಿರಲಿ. ಗಾಡಿಯ ಹೆಸರು ಹೇಳಿದರೆ ಸಾಲದು, ಇಷ್ಟು ವರ್ಷಗಳಲ್ಲಿ ಕಾರ್ಬುರೇಟರ್ ಬದಲಾಗಿರುವ ಸಂಭವ ಜಾಸ್ತಿ.

ನಮ್ಮೂರಿನ ಎತ್ತರ ಮತ್ತು ಬಂಕಿನ ಪೆಟ್ರೋಲ್

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಮುಂಬೈಗಿಂತ ಹೆಚ್ಚುಕಡಿಮೆ ಶೇ 10ರಷ್ಟು ಕಡಿಮೆ. ಜೆಟ್ ಬದಲಿಸದ ಕಾರ್ಬುರೇಟರ್‌ನಲ್ಲಿ ಮಿಕ್ಸ್ಚರ್ ಸುಮಾರು ಶೇ 4ರಿಂದ 5ರಷ್ಟು ರಿಚ್ ಆಗುತ್ತದೆ, ಅಂದರೆ ಗಾಳಿಯ ಲೆಕ್ಕಕ್ಕೆ ಪೆಟ್ರೋಲ್ ಹೆಚ್ಚಾಗುತ್ತದೆ. ಮುಂಬೈಯಲ್ಲೋ ಚೆನ್ನೈಯಲ್ಲೋ ಕೊಂಡು ತಂದ ಗಾಡಿ ಇಲ್ಲಿ ಕಪ್ಪು ಹೊಗೆ ಬಿಟ್ಟರೆ, ಪ್ಲಗ್ ಮಸಿಯಾದರೆ ಅದಕ್ಕೆ ಇದೂ ಒಂದು ಕಾರಣ.

ಇದರ ವಿರುದ್ಧ ದಿಕ್ಕಿಗೆ ಎಳೆಯುವುದು ಎಥನಾಲ್. ಇ20 (ಶೇ 20ರಷ್ಟು ಎಥನಾಲ್ ಬೆರೆತ) ಪೆಟ್ರೋಲಿಗೆ 2023ರ ಫೆಬ್ರವರಿ 6ರಂದು ಚಾಲನೆ ಸಿಕ್ಕಿದ್ದು ಬೆಂಗಳೂರಿನಲ್ಲೇ, ಇಂಡಿಯಾ ಎನರ್ಜಿ ವೀಕ್‌ನಲ್ಲಿ. ಬರೀ ಪೆಟ್ರೋಲ್ ಒಂದು ಕಿಲೋ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು, ಎಥನಾಲ್‌ಗೆ 9 ಕಿಲೋ ಸಾಕು. ಶೇ 20ರಷ್ಟು ಎಥನಾಲ್ ಬೆರೆತರೆ ಈ ಲೆಕ್ಕ 13.5ರ ಆಸುಪಾಸಿಗೆ ಇಳಿಯುತ್ತದೆ. ಎಥನಾಲ್ ಇಲ್ಲದ ಕಾಲಕ್ಕೆ ಮಾಡಿದ ಜೆಟ್‌ಗೆ ಇದು ಲೀನ್ ಮಿಕ್ಸ್ಚರ್, ಅಂದರೆ ಗಾಳಿಯ ಲೆಕ್ಕಕ್ಕೆ ಪೆಟ್ರೋಲ್ ಸಾಲದು. ಎತ್ತರ ರಿಚ್ ಮಾಡುತ್ತದೆ, ಎಥನಾಲ್ ಲೀನ್ ಮಾಡುತ್ತದೆ. ಎರಡನ್ನೂ ಕೂಡಿ ಕಳೆದರೆ ಬೆಂಗಳೂರಿನಲ್ಲಿ ಫಲಿತಾಂಶ ಸ್ವಲ್ಪ ಲೀನ್ ಕಡೆಗೇ ವಾಲುತ್ತದೆ. ಮಿಕ್ಸ್ಚರ್ ಸ್ಕ್ರೂ ಪುಸ್ತಕ ಹೇಳಿದ್ದಕ್ಕಿಂತ ಕಾಲು ಸುತ್ತು ಹೊರಗೆ, ಅಂದರೆ ರಿಚ್ ಕಡೆಗೆ, ನಿಂತರೆ ಗಾಬರಿ ಬೇಡ. ಅದೇ ಗಾಡಿ ಶಿರಾಡಿ ಘಾಟಿ ಇಳಿದು ಮಂಗಳೂರು ಮುಟ್ಟಿದಾಗ ಎತ್ತರದ ಸಹಾಯ ತಪ್ಪಿ, ಇಲ್ಲಿ ಸರಿಯಿದ್ದ ಐಡ್ಲಿಂಗ್ ಅಲ್ಲಿ ತಡವರಿಸಬಹುದು.

ವ್ಯಾಕ್ಯೂಮ್ ಗೇಜ್ (ಇನ್‌ಲೆಟ್ ಮ್ಯಾನಿಫೋಲ್ಡ್‌ನಲ್ಲಿ ಎಂಜಿನ್ನಿನ ಎಳೆತವನ್ನು ಪಾದರಸದ ಇಂಚಿನಲ್ಲಿ ಅಳೆಯುವ ಮೀಟರ್) ಇಟ್ಟುಕೊಂಡವರಿಗೆ ಒಂದು ಮಾತು. ಆರೋಗ್ಯವಂತ ಎಂಜಿನ್ 17ರಿಂದ 21 ಇಂಚು ತೋರಿಸಬೇಕು ಅಂತ ವಿಡಿಯೊಗಳಲ್ಲಿ ಹೇಳುವುದು ಸಮುದ್ರಮಟ್ಟದ ಲೆಕ್ಕ. ಸಾವಿರ ಅಡಿ ಎತ್ತರಕ್ಕೆ ಒಂದು ಇಂಚು ಕಳೆಯಬೇಕು. ನಮ್ಮಲ್ಲಿ 14ರಿಂದ 18 ಬಂದರೆ ಎಂಜಿನ್ ಚೆನ್ನಾಗಿದೆ ಎಂದೇ ಅರ್ಥ. ಮುಳ್ಳು ನಡುಗದೆ ನಿಲ್ಲುವುದು ಅಂಕಿಗಿಂತ ಮುಖ್ಯ.

ಎಥನಾಲ್ ನೀರನ್ನೂ ಹೀರಿಕೊಳ್ಳುತ್ತದೆ. ತಿಂಗಳುಗಟ್ಟಲೆ ಶೆಡ್‌ನಲ್ಲಿ ನಿಂತ ಗಾಡಿಯ ಫ್ಲೋಟ್ ಬೌಲ್ (ಕಾರ್ಬುರೇಟರ್‌ನಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲು) ಬಿಚ್ಚಿದರೆ ತಳದಲ್ಲಿ ಬಿಳಿ ಪುಡಿ, ಜಿಡ್ಡು ಕಾಣುತ್ತದೆ. ಮೊದಲು ಕಟ್ಟಿಕೊಳ್ಳುವುದು ಐಡ್ಲ್ ಜೆಟ್, ಅದರ ತೂತು ಅರ್ಧ ಮಿಲಿಮೀಟರ್ ಆಸುಪಾಸಿನದು. ಬಿಚ್ಚಿ, ಕ್ಲೀನರ್‌ನಲ್ಲಿ ನೆನೆಸಿ, ಗಾಳಿ ಹೊಡೆದು, ಬೆಳಕಿಗೆ ಹಿಡಿದು ನೋಡಿ. ತೂತು ದುಂಡಗೆ ಕಾಣಬೇಕು. ತಂತಿ, ಸೂಜಿ ತೂರಿಸಬೇಡಿ. ಹಿತ್ತಾಳೆ ಮೆತ್ತಗಿನ ಲೋಹ, ಒಮ್ಮೆ ತೂತು ಅಗಲವಾದರೆ ಜೆಟ್ ಬದಲಿಸದೆ ಬೇರೆ ದಾರಿ ಇಲ್ಲ.

ಸೆಟ್ ಮಾಡುವ ಕ್ರಮ

ಬಯಲಲ್ಲಿ, ಸಮತಟ್ಟು ಜಾಗದಲ್ಲಿ ನಿಲ್ಲಿಸಿ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಪಾರ್ಕಿಂಗ್ ಬೇಡವೇ ಬೇಡ. ಹಳೇ ಎಂಜಿನ್ ಉಗುಳುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ. ನ್ಯೂಟ್ರಲ್, ಹ್ಯಾಂಡ್‌ಬ್ರೇಕ್, ಚಕ್ರಕ್ಕೆ ಕಲ್ಲು. ಈ ಗಾಡಿಗಳ ಫ್ಯಾನ್ ಬೆಲ್ಟ್‌ನಿಂದ ಸದಾ ತಿರುಗುತ್ತಿರುತ್ತದೆ, ಸಡಿಲ ತೋಳು, ಕುತ್ತಿಗೆಯ ಸರ ದೂರವಿರಲಿ.

1. ಇಪ್ಪತ್ತು ನಿಮಿಷ ಗಾಡಿ ಓಡಿಸಿ ಬನ್ನಿ. ನಿಂತಲ್ಲೇ ಕಾಯಿಸಿದರೆ ನೀರು ಬಿಸಿಯಾಗುತ್ತದೆಯೇ ಹೊರತು ಎಂಜಿನ್ ಆಯಿಲ್ ಆಗುವುದಿಲ್ಲ. ಚೋಕ್ ಪೂರ್ತಿ ತೆರೆದಿದೆಯೇ ಅಂತ ಕಣ್ಣಾರೆ ನೋಡಿ, ಒಳಗಿನ ನಾಬ್ ನಂಬಬೇಡಿ. ಏರ್ ಫಿಲ್ಟರ್ ಕೂರಿಸಿಯೇ ಕೆಲಸ ಮಾಡಿ. ತೆಗೆದು ಸೆಟ್ ಮಾಡಿ ಆಮೇಲೆ ಹಾಕಿದರೆ ಮಿಕ್ಸ್ಚರ್ ಮತ್ತೆ ರಿಚ್ ಆಗುತ್ತದೆ.

2. ಎಂಜಿನ್ ನಿಲ್ಲಿಸಿ. ಆಕ್ಸಿಲರೇಟರ್ ಕೇಬಲ್ ಅಥವಾ ರಾಡ್‌ನಲ್ಲಿ ಸ್ವಲ್ಪ ಸಡಿಲ ಇರಲಿ. ಲಿವರ್ ಕೂತಿರಬೇಕಾದದ್ದು ಸ್ಕ್ರೂ ಮೇಲೆ, ಕೇಬಲ್ ಮೇಲಲ್ಲ.

3. ಸ್ಪೀಡ್ ಸ್ಕ್ರೂ ಪೂರ್ತಿ ಹೊರಗೆ ತೆಗೆದು, ಲಿವರ್‌ಗೆ ತಾಗುವವರೆಗೆ ತಂದು, ಅಲ್ಲಿಂದ ಒಂದರಿಂದ ಒಂದೂವರೆ ಸುತ್ತು ಒಳಗೆ ಕೊಡಿ. ಮಿಕ್ಸ್ಚರ್ ಸ್ಕ್ರೂ ಎಷ್ಟು ಸುತ್ತು ಹೊರಗಿತ್ತು ಅಂತ ಎಣಿಸುತ್ತಾ ಮೆಲ್ಲಗೆ ಒಳಗೆ ತಿರುಗಿಸಿ, ತಳ ತಾಗಿದ ಕೂಡಲೇ ನಿಲ್ಲಿಸಿ, ಒಂದೂವರೆ ಸುತ್ತು ಹೊರಗೆ ತನ್ನಿ. ಬಿಗಿ ಮಾಡಿದರೆ ಸೂಜಿಯ ತುದಿಗೆ ಉಂಗುರದಂತೆ ಗೆರೆ ಬೀಳುತ್ತದೆ. ಹಾಗೆ ಗೆರೆ ಬಿದ್ದ ಸೂಜಿಯಲ್ಲಿ ನಯವಾದ ಹೊಂದಾಣಿಕೆ ಸಾಧ್ಯವಿಲ್ಲ.

4. ಸ್ಟಾರ್ಟ್ ಮಾಡಿ ಸ್ಪೀಡ್ ಸ್ಕ್ರೂನಿಂದ 850–900ಕ್ಕೆ ತನ್ನಿ. ಪ್ಲಗ್ ವೈರಿಗೆ ಸುತ್ತುವ ಅಗ್ಗದ ಆರ್‌ಪಿಎಂ ಮೀಟರ್ ಇದ್ದರೆ ಅದರ ಸೆಟ್ಟಿಂಗ್ ನೋಡಿಕೊಳ್ಳಿ. ಫೋರ್ ಸ್ಟ್ರೋಕ್ ಎಂಜಿನ್ನಿನ ಒಂದು ಪ್ಲಗ್‌ಗೆ ಎರಡು ಸುತ್ತಿಗೆ ಒಂದು ಕಿಡಿ. ಮೀಟರ್ ಟೂ ಸ್ಟ್ರೋಕ್ ಸೆಟ್ಟಿಂಗ್‌ನಲ್ಲಿದ್ದರೆ 800ಕ್ಕೆ 400 ಅಂತ ತೋರಿಸುತ್ತದೆ.

5. ಮಿಕ್ಸ್ಚರ್ ಸ್ಕ್ರೂ ಕಾಲು ಸುತ್ತು ಒಳಗೆ. ಹತ್ತು ಸೆಕೆಂಡ್ ಕಾಯಿರಿ. ಮತ್ತೆ ಕಾಲು ಸುತ್ತು. ಒಂದು ಹಂತದಲ್ಲಿ ಎಂಜಿನ್ ನಿಧಾನವಾಗಿ, ಅಲ್ಲಲ್ಲಿ ತಪ್ಪುವ ಸದ್ದು ಮಾಡುತ್ತದೆ. ಅದು ಲೀನ್ ಗಡಿ. ಈಗ ಹೊರಗೆ ತಿರುಗಿಸುತ್ತಾ ಬನ್ನಿ. ವೇಗ ಏರುತ್ತದೆ, ಒಂದು ಕಡೆ ನಿಲ್ಲುತ್ತದೆ, ಇನ್ನೂ ಮುಂದೆ ಹೋದರೆ ಸದ್ದು ಭಾರವಾಗಿ ಏರಿಳಿಯುತ್ತದೆ, ಸೈಲೆನ್ಸರ್ ಬಳಿ ಹಸಿ ಪೆಟ್ರೋಲ್ ವಾಸನೆ ಬರುತ್ತದೆ. ಅದು ರಿಚ್ ಗಡಿ. ಎರಡರ ನಡುವೆ ಅತಿ ಹೆಚ್ಚು ಆರ್‌ಪಿಎಂ ಕೊಡುವ ಜಾಗದಲ್ಲಿ ನಿಲ್ಲಿಸಿ.

6. ವೇಗ ಹೆಚ್ಚಾಗಿರುತ್ತದೆ. ಸ್ಪೀಡ್ ಸ್ಕ್ರೂನಿಂದ ಇಳಿಸಿ. ಪುಸ್ತಕದ ಅಂಕಿ ಸಿಕ್ಕದಿದ್ದರೆ 1,100–1,500 ಸಿಸಿಯ ಈ ಕಾಲದ ಎಂಜಿನ್‌ಗೆ 750–800 ಒಳ್ಳೆಯ ಗುರಿ.

7. ಐದು ಮತ್ತು ಆರನ್ನು ಮತ್ತೆ ಎರಡು ಸಲ ಮಾಡಿ. ಒಂದು ಸ್ಕ್ರೂ ತಿರುಗಿಸಿದರೆ ಇನ್ನೊಂದರ ಲೆಕ್ಕ ಬದಲಾಗುವುದರಿಂದ ಒಂದೇ ಸುತ್ತಿಗೆ ಮುಗಿಯುವುದಿಲ್ಲ. ಹಳೇ ಪುಸ್ತಕಗಳು ಕೊನೆಗೆ ಒಂಚೂರು ಲೀನ್ ಮಾಡಲು ಹೇಳುತ್ತವೆ. ಇ20 ಹಾಕುವ ಗಾಡಿಗೆ ಅದು ಬೇಡ, ಬೇಕಾದರೆ ಸುತ್ತಿನ ಎಂಟನೇ ಒಂದು ಭಾಗ ರಿಚ್ ಕಡೆಗೇ ಇರಲಿ.

8. ಆಕ್ಸಿಲರೇಟರ್ ಒಮ್ಮೆ ರೇಸ್ ಮಾಡಿ ಬಿಡಿ. ಎರಡು ಮೂರು ಸೆಕೆಂಡಿನಲ್ಲಿ ಅದೇ ವೇಗಕ್ಕೆ ಬರಬೇಕು. ಹೆಡ್‌ಲೈಟ್ ಹಾಕಿದಾಗ ತುಸು ಇಳಿಯುವುದು ಸಹಜ. ಡೈನಮೊ ಇರುವ ಗಾಡಿಯಲ್ಲಿ ಐಡ್ಲಿಂಗ್‌ನಲ್ಲಿ ಚಾರ್ಜಿಂಗ್‌ನ ಕೆಂಪು ದೀಪ ಮಿಣುಕಿದರೂ ತೊಂದರೆ ಇಲ್ಲ. ಅದನ್ನು ಆರಿಸುವುದಕ್ಕೆಂದು ವೇಗ ಏರಿಸಬೇಡಿ.

ಇದಾದ ಮೇಲೆ ಒಂದು ಹಳೇ ಪರೀಕ್ಷೆ. ನ್ಯೂಸ್‌ಪೇಪರಿನ ಒಂದು ಪಟ್ಟಿ ಹರಿದು ಸೈಲೆನ್ಸರ್ ಬಾಯಿಯಿಂದ ಗೇಣು ದೂರ ಹಿಡಿಯಿರಿ. ಒಂದೇ ಲಯದಲ್ಲಿ ಹೊರಕ್ಕೆ ಹಾರುತ್ತಿದ್ದರೆ ಸರಿ. ನಡುನಡುವೆ ತಪ್ಪಿದರೆ ಒಂದು ಸಿಲಿಂಡರ್ ಮಿಸ್ಸಿಂಗ್. ಪೇಪರ್ ಒಳಕ್ಕೆ ಎಳೆದುಕೊಂಡು ಪೈಪಿಗೆ ಅಂಟಿದರೆ ಎಕ್ಸಾಸ್ಟ್ ವಾಲ್ವ್ ಸೋರುತ್ತಿರುವ ಅನುಮಾನ ಪಡಬೇಕು, ಕಂಪ್ರೆಷನ್ ಟೆಸ್ಟ್ ಮಾಡಿಸಿ.

ಮಿಕ್ಸ್ಚರ್ ಸ್ಕ್ರೂ ತಳ ತಾಗಿದರೂ ಎಂಜಿನ್ ಆಫ್ ಆಗದೆ ಓಡುತ್ತಿದ್ದರೆ ಬಟರ್‌ಫ್ಲೈ ಅತಿಯಾಗಿ ತೆರೆದಿದೆ ಅಥವಾ ಫ್ಲೋಟ್ ಲೆವೆಲ್ ಹೆಚ್ಚಾಗಿ ಮೇಲಿನಿಂದ ಪೆಟ್ರೋಲ್ ತೊಟ್ಟಿಕ್ಕುತ್ತಿದೆ. ಮೂರು ಸುತ್ತು ಹೊರಗೆ ಬಂದರೂ ಸಾಲದೇ ಹೋದರೆ ಐಡ್ಲ್ ಜೆಟ್ ಕಟ್ಟಿದೆ, ಇಲ್ಲವೇ ಕಳ್ಳ ಗಾಳಿ ಇನ್ನೂ ಉಳಿದಿದೆ. ಬೆಳಗ್ಗೆ ಸರಿಯಿದ್ದು, ಏಪ್ರಿಲ್ ಮಧ್ಯಾಹ್ನ ಸಿಲ್ಕ್ ಬೋರ್ಡ್ ಜಾಮ್‌ನಲ್ಲಿ ಅರ್ಧ ಗಂಟೆ ಸಿಕ್ಕಿಕೊಂಡ ಮೇಲೆ ಮಾತ್ರ ಆಫ್ ಆಗುತ್ತದೆ ಅಂದರೆ ಅದು ಟ್ಯೂನಿಂಗ್ ತಪ್ಪಲ್ಲ. ಬೌಲ್‌ನ ಪೆಟ್ರೋಲ್ ಕುದಿದು ಒಳಗೆ ಉಕ್ಕುತ್ತಿದೆ. ಕಾರ್ಬುರೇಟರ್ ಬುಡದ ಶಾಖ ತಡೆಯುವ ದಪ್ಪ ಫ್ಲೇಂಜ್ ಇದೆಯೇ, ಪೆಟ್ರೋಲ್ ಪೈಪ್ ಎಕ್ಸಾಸ್ಟ್‌ಗೆ ತಾಗಿ ಹೋಗಿದೆಯೇ, ಫ್ಯಾನ್ ಬೆಲ್ಟ್ ಜಾರುತ್ತಿದೆಯೇ ನೋಡಿ. ಆ ಹೊತ್ತಿನಲ್ಲಿ ಸ್ಕ್ರೂ ತಿರುಗಿಸಿದರೆ ಮಾರನೆಯ ಬೆಳಗ್ಗೆ ಎಲ್ಲವೂ ತಪ್ಪಾಗಿರುತ್ತದೆ.

ಎಸ್‌ಯು ಇದ್ದರೆ

ಮೋರಿಸ್ ಮೈನರ್ ಮತ್ತು ಎಸ್‌ಯು ಇರುವ ಅಂಬಾಸಿಡರ್‌ನಲ್ಲಿ ಐಡ್ಲಿಂಗ್‌ಗೆ ಬೇರೆ ಜೆಟ್ ಇಲ್ಲ, ಇರುವುದು ಒಂದೇ ಜೆಟ್, ಒಂದೇ ನೀಡಲ್. ಇಲ್ಲಿ ಮಿಕ್ಸ್ಚರ್ ಬದಲಿಸಿದರೆ ಎಲ್ಲಾ ವೇಗಕ್ಕೂ ಬದಲಾಗುತ್ತದೆ. ಕೆಳಗಿನ ಜೆಟ್ ನಟ್ ಮೇಲಕ್ಕೆ ಹೋದರೆ ಲೀನ್, ಕೆಳಕ್ಕೆ ಬಂದರೆ ರಿಚ್. ಜೆಟ್ಟನ್ನು ಸೇತುವೆಯ (ಗಾಳಿ ಹಾಯುವ ದಾರಿಯ ತಳದ ಉಬ್ಬು) ಮಟ್ಟಕ್ಕೆ ಬರುವಂತೆ ಮಾಡಿ, ಅಲ್ಲಿಂದ ನಟ್ಟನ್ನು ಎರಡು ಸುತ್ತು ಕೆಳಗೆ ತಂದು ಶುರು ಮಾಡಿ. ಆಮೇಲೆ ಷಟ್ಕೋನದ ಒಂದೊಂದು ಮುಖದಷ್ಟೇ ತಿರುಗಿಸಬೇಕು.

ಪಕ್ಕದ ಪಿನ್‌ನಿಂದ ಕಾರ್ಬುರೇಟರ್ ಒಳಗಿನ ಪಿಸ್ಟನ್ನನ್ನು ಒಂದು ಮಿ.ಮೀ.ಗಿಂತ ಕಡಿಮೆ ಎತ್ತಿ ಕೇಳಿ. ವೇಗ ಏರಿ ಹಾಗೇ ಉಳಿದರೆ ರಿಚ್. ಕೂಡಲೇ ಕುಸಿದರೆ ಲೀನ್. ತುಸು ಏರಿ ಮತ್ತೆ ಮೊದಲಿನ ಜಾಗಕ್ಕೆ ಬಂದರೆ ಸರಿ. ಇದಕ್ಕೂ ಮೊದಲು ಎಂಜಿನ್ ನಿಲ್ಲಿಸಿ, ಮೇಲಿನ ಎಣ್ಣೆಯಲ್ಲಿ ಮುಳುಗಿರುವ ಡ್ಯಾಂಪರ್ ತೆಗೆದು, ಪಿಸ್ಟನ್ ಪೂರ್ತಿ ಎತ್ತಿ ಬಿಡಿ. ‘ಟಕ್’ ಅಂತ ಬೀಳಬೇಕು. ಸದ್ದಿಲ್ಲದೆ ನಿಧಾನ ಇಳಿದರೆ ಒಳಗೆ ಜಿಡ್ಡಿದೆ ಅಥವಾ ಜೆಟ್ ನಡುವಿಗೆ ಕೂತಿಲ್ಲ. ಡ್ಯಾಂಪರ್‌ಗೆ ಎಸ್‌ಎಇ 20 ಎಣ್ಣೆ.

ಬುಲೆಟ್, ಜಾವಾ, ಯೆಜ್ಡಿ

ಇಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ. ಮಿಕ್‌ಕಾರ್ಬ್, ಅಮಾಲ್‌ನಂಥ ಸ್ಲೈಡ್ ಕಾರ್ಬುರೇಟರ್‌ನಲ್ಲಿ ಏರ್ ಫಿಲ್ಟರ್ ಕಡೆಗಿರುವ ಸ್ಕ್ರೂ ತಡೆಯುವುದು ಗಾಳಿಯನ್ನು, ಸೊಲೆಕ್ಸ್‌ನಲ್ಲಿದ್ದಂತೆ ಪೆಟ್ರೋಲ್ ಮಿಶ್ರಣವನ್ನಲ್ಲ. ಹಾಗಾಗಿ ಒಳಗೆ ತಿರುಗಿಸಿದರೆ ರಿಚ್, ಹೊರಗೆ ತಿರುಗಿಸಿದರೆ ಲೀನ್, ಸೊಲೆಕ್ಸ್‌ಗೆ ಪೂರ್ತಿ ತದ್ವಿರುದ್ಧ. ಒಂದೂವರೆ ಸುತ್ತಿನಿಂದ ಶುರು ಮಾಡಿ. ಉಳಿದ ಕ್ರಮ ಒಂದೇ.

ಹಳೇ ಕಾಸ್ಟ್ ಐರನ್ ಬುಲೆಟ್ಟನ್ನು ಎಣಿಸುವಷ್ಟು ನಿಧಾನವಾಗಿ ಡಗ್ ಡಗ್ ಅನ್ನಿಸುವ ಆಸೆ ಬಹಳ ಜನಕ್ಕಿದೆ. ಕೇಳಲು ಚೆನ್ನ. ಆದರೆ ಆಯಿಲ್ ಪಂಪ್ ಎಂಜಿನ್ ಜೊತೆಯೇ ತಿರುಗುವುದು. ಅಷ್ಟು ನಿಧಾನದಲ್ಲಿ ಬಿಗ್ ಎಂಡ್‌ಗೆ (ಕನೆಕ್ಟಿಂಗ್ ರಾಡ್‌ನ ಕೆಳತುದಿಯ ಬೇರಿಂಗ್‌ಗೆ) ಹೋಗುವ ಎಣ್ಣೆ ಸಾಲದು. ಮೈಸೂರಿನ ಐಡಿಯಲ್ ಜಾವಾದ ಟೂ ಸ್ಟ್ರೋಕ್‌ಗಳು ಐಡ್ಲಿಂಗ್‌ನಲ್ಲಿ ಹುಟ್ಟಿನಿಂದಲೇ ಏರಿಳಿಯುವಂಥವು. ಕಾರಿನ ನಯ ಅವುಗಳಲ್ಲಿ ಹುಡುಕುತ್ತಾ ಸ್ಕ್ರೂ ತಲೆ ಸವೆಸಬೇಡಿ.

ಎಮಿಷನ್ ಟೆಸ್ಟ್ ಕಡೆಯ ತೀರ್ಪು

ಗಾಡಿಗೆ ಹೇಗೂ ಎಮಿಷನ್ ಟೆಸ್ಟ್ ಮಾಡಿಸಲೇಬೇಕಲ್ಲ, ಆ ದಿನ ಸಣ್ಣ ಸ್ಕ್ರೂ ಡ್ರೈವರ್ ಜೇಬಲ್ಲಿಟ್ಟುಕೊಂಡು, ಗಾಡಿ ಬಿಸಿಯಿರುವಾಗಲೇ ಹೋಗಿ. ಭಾರತ್ ಸ್ಟೇಜ್ ಎಂಬ ಹೊಗೆ ನಿಯಮಗಳಿಗಿಂತ ಹಿಂದಿನ ಪೆಟ್ರೋಲ್ ಕಾರುಗಳಿಗೆ ಐಡ್ಲಿಂಗ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ ಮಿತಿ ಶೇ 3, ಹೈಡ್ರೋಕಾರ್ಬನ್ 1,500 ಪಿಪಿಎಂ. 2000ಕ್ಕಿಂತ ಹಿಂದಿನ ದ್ವಿಚಕ್ರಗಳಿಗೆ ಶೇ 4.5 ಮತ್ತು 9,000 ಪಿಪಿಎಂ. ಯಂತ್ರದ ಪ್ರೋಬ್ ಸೈಲೆನ್ಸರ್ ಒಳಗಿರುವಾಗಲೇ ಅಂಕಿ ನೋಡುತ್ತಾ ಮಿಕ್ಸ್ಚರ್ ಸ್ಕ್ರೂ ಒಂಚೂರು ತಿರುಗಿಸಲು ಬಿಡಿ ಅಂತ ಕೇಳಿ, ಸಾಲು ಇಲ್ಲದ ಹೊತ್ತಲ್ಲಿ ಒಪ್ಪುತ್ತಾರೆ. ಯಂತ್ರಕ್ಕೆ ಅಂಕಿ ಬದಲಿಸಲು ಹತ್ತು ಹದಿನೈದು ಸೆಕೆಂಡ್ ಬೇಕು, ಅವಸರ ಬೇಡ. ಕಾರ್ಬನ್ ಮಾನಾಕ್ಸೈಡ್ ಶೇ 2ರ ಆಸುಪಾಸಿನಲ್ಲಿ ನಿಂತು ಎಂಜಿನ್ ನಯವಾಗಿದ್ದರೆ ಅಲ್ಲಿಗೆ ಬಿಡಿ. ಅದು ಶೇ 1ಕ್ಕಿಂತ ಕಡಿಮೆಯಿದ್ದು ಹೈಡ್ರೋಕಾರ್ಬನ್ ಮಾತ್ರ ಮೇಲೇರಿದ್ದರೆ ಮಿಕ್ಸ್ಚರ್ ಅತಿ ಲೀನ್ ಆಗಿ ಸಿಲಿಂಡರ್ ಹೊತ್ತಿಕೊಳ್ಳುತ್ತಿಲ್ಲ ಅಥವಾ ಪ್ಲಗ್ ಮಿಸ್ ಹೊಡೆಯುತ್ತಿದೆ. ಸ್ಕ್ರೂ ಇನ್ನಷ್ಟು ಒಳಗೆ ಹಾಕಬೇಡಿ, ಪಾಯಿಂಟ್ ಮತ್ತು ಪ್ಲಗ್ ಕಡೆಗೆ ವಾಪಸ್ ಹೋಗಿ.